ಒಂಬತ್ತನೇ ಸಿಡಿಯ ಸೀನು

ಕಿವಿ ಮೇಸ್ತ್ರಿಗೆ ಇದ್ದಂಥ ಕಿವಿ ಈ ಭೂಮಿಯ ಮೇಲೆ ಇನ್ನೊಂದು ಹುಟ್ಟಿಲ್ಲ. ಹುಟ್ಟಿದ್ದರೆ ಅದು ಆನೆಗೆ ಮಾತ್ರ, ಆದರೆ ಯಾವ ಆನೆಯೂ ಲಿಫ್ಟ್ ರಿಪೇರಿ ಮಾಡಿದ್ದನ್ನು ಯಾರೂ ಕಂಡಿಲ್ಲ. ಊರಿನ ತೊಂಬತ್ತು ಕಟ್ಟಡಗಳ ಲಿಫ್ಟುಗಳು ಅವನ ಕೈಯಲ್ಲಿದ್ದವು. ನೆಲಮಹಡಿಯಲ್ಲಿ ನಿಂತು, ಕಣ್ಣು ಮುಚ್ಚಿ, ಬಾಗಿಲಿಗೆ ಕಿವಿ ಇಟ್ಟನೆಂದರೆ, "ಏಳನೇ ಮಹಡಿ ಹತ್ರ ಎಡಗಡೆ ರೋಲರು ಒಣಗಿದೆ, ಎರಡು ಹನಿ ಎಣ್ಣೆ ಬಿಡಿ" ಎಂದುಬಿಡುತ್ತಿದ್ದ. ಒಂದು ಸಲ ಒಂದು ಆಫೀಸಿನಲ್ಲಿ, "ನಿಮ್ಮ ಲಿಫ್ಟು ಚೆನ್ನಾಗಿದೆ ಸಾರ್, ಕಟಕಟ ಅಂತಿರೋದು ನಿಮ್ಮ ಮೊಣಕಾಲು" ಎಂದು ಮ್ಯಾನೇಜರಿಗೇ ಹೇಳಿ ಬಂದಿದ್ದ. ಮ್ಯಾನೇಜರು ಮರುದಿನವೇ ಮೂಳೆ ಡಾಕ್ಟರ ಬಳಿ ಓಡಿದರಂತೆ.

ಇಂಥ ಕಿವಿಗೆ ಬರೀ ಲಿಫ್ಟಿನ ಸದ್ದು ಹಾಕಿದರೆ ಹೊಟ್ಟೆ ತುಂಬೀತೆ? ಅದಕ್ಕೇ ಬಾಕ್ಸ್ ಸೆಟ್ಟುಗಳು. ಮನೆಯ ಹಾಲಿನಲ್ಲಿ ಒಂದು ಗೋಡೆಯನ್ನು ಹದಿನೈದು ವರ್ಷದಿಂದ ಯಾರೂ ಕಂಡಿರಲಿಲ್ಲ. ನೆಲದಿಂದ ಚಾವಣಿಯವರೆಗೆ ಕಪಾಟು, ಕಪಾಟಿನ ತುಂಬ ದಪ್ಪ ದಪ್ಪ ರಟ್ಟಿನ ಪೆಟ್ಟಿಗೆಗಳು, ಪೆಟ್ಟಿಗೆಗಳ ತುಂಬ ಸಿಡಿಗಳು. ಎಡಕ್ಕೆ ರಾಕ್ ತಂಡಗಳು, ಬಲಕ್ಕೆ ನೂರು ಜನ ಒಟ್ಟಿಗೆ ಕೂತು ನುಡಿಸುವ ಆರ್ಕೆಸ್ಟ್ರಾಗಳು. ಆ ಭಾರಕ್ಕೆ ಮನೆಯೇ ಆ ಕಡೆ ವಾಲಿದೆ, ಊಟದ ಮೇಜಿನ ಮೇಲೆ ಬಟಾಣಿ ಇಟ್ಟರೆ ತಾನಾಗಿ ಕಪಾಟಿನತ್ತ ಉರುಳುತ್ತದೆ ಎಂದು ಅವನ ಹೆಂಡತಿ ಟೈಲರಮ್ಮ ಎಲ್ಲರಿಗೂ ಹೇಳುತ್ತಿದ್ದಳು. ಸುಳ್ಳಲ್ಲ, ಉರುಳುತ್ತಿತ್ತು.

ಪೆಟ್ಟಿಗೆಗಳಲ್ಲಿ ಇದ್ದದ್ದೆಲ್ಲ ಲೈವ್, ಜನರೆದುರು ನುಡಿಸುವಾಗಲೇ ಹಿಡಿದದ್ದು. ಸ್ಟುಡಿಯೋದಲ್ಲಿ ಮಾಡಿದ್ದನ್ನು ಮೇಸ್ತ್ರಿ ಕೈಯಿಂದಲೂ ಮುಟ್ಟುತ್ತಿರಲಿಲ್ಲ.

"ಸ್ಟುಡಿಯೋ ಅಂದ್ರೆ ಶೋರೂಮಲ್ಲಿ ನಿಲ್ಲಿಸಿರೋ ಲಿಫ್ಟು. ಲೈವ್ ಅಂದ್ರೆ ಬೆಳಿಗ್ಗೆ ಒಂಬತ್ತು ಗಂಟೆಗೆ ಜನ ತುಂಬ್ಕೊಂಡು ಮೇಲೆ ಹೋಗೋ ಲಿಫ್ಟು. ಜೀವ ಯಾವುದರಲ್ಲಿದೆ, ನೀನೇ ಹೇಳು" ಎನ್ನುತ್ತಿದ್ದ.

ಒಂದು ರಾಕ್ ತಂಡ ಒಂದೇ ಮೈದಾನದಲ್ಲಿ ಹನ್ನೆರಡು ಸಂಜೆ ನುಡಿಸಿದ ಅದೇ ಹದಿನಾರು ಹಾಡುಗಳ ಪೆಟ್ಟಿಗೆ ಅವನ ಹೆಮ್ಮೆಗಳಲ್ಲಿ ಒಂದು.

"ಹನ್ನೆರಡು ಸಲ ಅದೇ ಹಾಡಾ?" ಎಂದು ಕೇಳಿದ್ದಳು ಟೈಲರಮ್ಮ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

"ಅದೇ ಹಾಡಲ್ಲ ಕಣೇ. ಡ್ರಮ್ಮಿನವನು ಒಂದೊಂದು ಸಂಜೆ ಒಂದೊಂದು ಕಡೆ ಎಡವ್ತಾನೆ. ಐದನೇ ಸಂಜೆ ಕೇಳು, ಕೋಲನ್ನೇ ಬೀಳಿಸ್ಕೊಂಡಿದ್ದಾನೆ!"

"ನಾನು ಹನ್ನೆರಡು ದಿನ ಅದೇ ಸೂಪು ಮಾಡಿದ್ರೆ ಹೀಗೇ ಹೊಗಳ್ತೀರಾ?"

"ಐದನೇ ದಿನ ಸೌಟು ಬೀಳಿಸು, ಹೊಗಳ್ತೀನಿ."

ಆದರೆ ಕಪಾಟಿಗೇ ಕಿರೀಟದಂತಿದ್ದದ್ದು ಬೇರೆ. ಬಲಗಡೆ, ಕಣ್ಣಿನ ಮಟ್ಟದಲ್ಲಿ, ಮೂಲೆ ಸವೆದ ಒಂದು ಕಂದು ಪೆಟ್ಟಿಗೆ. ಇಪ್ಪತ್ತನಾಲ್ಕು ಸಿಡಿ. ಐವತ್ತೆರಡು ವರ್ಷದ ಹಿಂದೆ ಒಂದು ಭಾರೀ ಆರ್ಕೆಸ್ಟ್ರಾ ಊರೂರು ಸುತ್ತುತ್ತ ಈ ಊರಿನ ಸಭಾಂಗಣಕ್ಕೂ ಬಂದು ಒಂದು ಸಂಜೆ ನುಡಿಸಿತ್ತು. ಆ ಸಂಜೆಯೇ ಒಂಬತ್ತನೇ ಸಿಡಿ. ಅದರಲ್ಲಿ ಮೂರನೇ ಭಾಗ, ನಿಧಾನದ್ದು. ನಾಲ್ಕು ನಿಮಿಷ ಆದ ಮೇಲೆ ಇಡೀ ಆರ್ಕೆಸ್ಟ್ರಾ ಸುಮ್ಮನಾಗುತ್ತದೆ, ಓಬೋ ಎಂಬ ಒಂದೇ ಒಂದು ಊದುವಾದ್ಯ ಕೊಳಲಿನ ಹಾಗೆ ಸಣ್ಣಗೆ ಎಳೆಯುತ್ತದೆ, ಅದೂ ನಿಲ್ಲುತ್ತದೆ. ಎರಡು ಸಾವಿರ ಜನ ಉಸಿರು ಬಿಗಿಹಿಡಿದಿದ್ದಾರೆ. ಸರಿಯಾಗಿ ಹನ್ನೊಂದನೇ ಸೆಕೆಂಡಿಗೆ, "ಹ್ಹಾ... ಹ್ಹಾ... ಹಾಕ್ಷೀ!"

ಆ ಸೀನು ಮೇಸ್ತ್ರಿಯ ತಾಯಿಯದು. ಮನೆಯವರಿಗೆಲ್ಲ ಈಗ ಅವಳು ಅಜ್ಜಿ; ಆಗ ಆ ಸಭಾಂಗಣದಲ್ಲಿ ಟೀ ಮಾರುತ್ತಿದ್ದಳು. ಅವಳ ಗಂಡ ಅಲ್ಲೇ ವೇದಿಕೆಯ ಪರದೆ ಎಳೆಯುವ ಕೆಲಸದಲ್ಲಿದ್ದ. ಸಂಗೀತ ಕೇಳುವ ಆಸೆಗೆ ಅವಳು ಪರದೆಯ ಮರೆಯಲ್ಲಿ ಗಂಡನ ಪಕ್ಕ ನಿಂತಿದ್ದಳಂತೆ, ಧೂಳಿಗೆ ಸೀನು ಬಂತಂತೆ. ಸಭಾಂಗಣದ ಮೇಲ್ವಿಚಾರಕ ಕೆಂಡವಾಗಿ ಬಂದು ಯಾರು ಯಾರು ಎಂದಾಗ, "ನಾನೇ ಸ್ವಾಮಿ" ಎಂದು ಮುಂದೆ ಬಂದು, ಟೀ ಅಂಗಡಿ ಕಳೆದುಕೊಂಡಳಂತೆ. ಈ ಕಥೆಯನ್ನು ಮೇಸ್ತ್ರಿ ಊರಿನ ತೊಂಬತ್ತು ಲಿಫ್ಟುಗಳಲ್ಲೂ ಹೇಳಿದ್ದ. ಕೊನೆಗೆ ಒಂದು ಮಾತು ಸೇರಿಸುತ್ತಿದ್ದ: "ಆ ಕಾರ್ಯಕ್ರಮಕ್ಕೆ ನಾನೂ ಹೋಗಿದ್ದೆ. ಟಿಕೆಟ್ ಇರಲಿಲ್ಲ, ಆರು ತಿಂಗಳಾಗಿತ್ತು ನಂಗೆ, ಅಮ್ಮನ ಹೊಟ್ಟೇಲಿ."

ತಂದೆ ಅವನಿಗೆ ನೆನಪಿಲ್ಲ. ಎರಡು ವರ್ಷದವನಿದ್ದಾಗಲೇ ಜ್ವರ ಬಂದು ಹೋಗಿಬಿಟ್ಟಿದ್ದ. ಉಳಿದದ್ದು ಒಂದೇ ಫೋಟೋ. ಅದರಲ್ಲೂ ಮುಂದೆ ನಿಂತವನ ಟೋಪಿ ಅವನ ಅರ್ಧ ಮುಖ ನುಂಗಿತ್ತು.

ಭಾನುವಾರದ ಕ್ರಮ ಹೀಗೆ. ಊಟಕ್ಕೆ ಮುಂಚೆ ಅಜ್ಜಿ ಕೂಗುತ್ತಾಳೆ: "ಮಗನೇ, ಕಪಾಟು ಒರೆಸೋ."

"ನಾನು ಒರೆಸ್ತೀನಿ ಅಜ್ಜಿ" ಎಂದು ಮೊಮ್ಮಗಳು ಎದ್ದರೆ, "ನೀನು ಕೂತ್ಕೋ. ಅವನ ಪೆಟ್ಟಿಗೆ, ಅವನೇ ಒರೆಸ್ಲಿ" ಎಂದು ಗದರುತ್ತಾಳೆ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಾಜು ಒರೆಸುವ ಹುಡುಗಿಗೆ ಇದೊಂದು ಅವಮಾನ. ಮೇಸ್ತ್ರಿ ಬಟ್ಟೆ ಹಿಡಿದು ಒರೆಸುತ್ತಾನೆ, ಧೂಳೇಳುತ್ತದೆ, ಸೀನುತ್ತಾನೆ. ಅವನ ಸೀನೆಂದರೆ ಸಾಮಾನ್ಯವೆ? ಅಡುಗೆಮನೆಯ ಲೋಟಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ಕೆಳಗಿನ ಮನೆಯ ನಾಯಿ ಮಂಚದಡಿ ಸೇರುತ್ತದೆ. "ಅಮ್ಮನಿಂದ ಬಂದದ್ದು!" ಎಂದು ಎದೆ ಉಬ್ಬಿಸುತ್ತಾನೆ. ಅಜ್ಜಿ ಸೀನಿದರೆ ಈಗ ಬೆಕ್ಕಿನ ಮರಿ ಸೀನಿದ ಹಾಗೆ "ಪಿಚ್" ಅಷ್ಟೆ. "ವಯಸ್ಸಾಯ್ತಲ್ಲ, ಪ್ರೆಶರ್ ಕಡಿಮೆ" ಎಂದು ಅದಕ್ಕೂ ಅವನ ಬಳಿ ಕಾರಣವಿತ್ತು. ಊಟವಾದ ಮೇಲೆ ಒಂಬತ್ತನೇ ಸಿಡಿ ಹಾಕುತ್ತಾನೆ. ಅಜ್ಜಿ ಕಣ್ಣು ಮುಚ್ಚಿ ಕೂರುತ್ತಾಳೆ. ನಾಲ್ಕು ನಿಮಿಷ ಹನ್ನೊಂದು ಸೆಕೆಂಡಿಗೆ ಎಲ್ಲರೂ ಚಪ್ಪಾಳೆ. ಇಪ್ಪತ್ತು ವರ್ಷ ಒಂದು ಭಾನುವಾರವೂ ತಪ್ಪಿರಲಿಲ್ಲ.

ತಪ್ಪಿದ್ದು ಹೀಗೆ.

ಕಪಾಟು ಇನ್ನೊಂದು ಗೋಡೆಗೆ ಹಬ್ಬಲು ಹೊರಟಾಗ ಟೈಲರಮ್ಮ ಕತ್ತರಿ ಕೈಯಲ್ಲಿ ಹಿಡಿದೇ ಕಾನೂನು ಮಾಡಿದಳು. ಆ ಗೋಡೆಗೆ ಬಟ್ಟೆ ಕತ್ತರಿಸುವ ಮೇಜು ಬರಬೇಕಿತ್ತು.

"ಒಂದು ಪೆಟ್ಟಿಗೆ ಒಳಗೆ ಬಂದ್ರೆ ಒಂದು ಹೊರಗೆ ಹೋಗ್ಬೇಕು. ಮಂಡಿ ಮೇಲಿಟ್ಕೊಂಡು ಬಟ್ಟೆ ಕತ್ತರಿಸಿ ಕತ್ತರಿಸಿ ಮೊನ್ನೆ ನನ್ನ ಲಂಗವನ್ನೇ ಕತ್ತರಿಸಿದ್ದೀನಿ, ಗೊತ್ತಾ?"

"ಆಯ್ತು ಮಹಾರಾಣಿ."

ಅದೇ ತಿಂಗಳು ಕಂದು ಪೆಟ್ಟಿಗೆಯ ಹೊಸ ಆವೃತ್ತಿ ಬಂತು. ಅದೇ ಇಪ್ಪತ್ತನಾಲ್ಕು ಸಿಡಿ, ಜೊತೆಗೆ ಇಟ್ಟಿಗೆಯಷ್ಟು ದಪ್ಪದ ಪುಸ್ತಕ, ಬೆಳ್ಳಿ ಬಣ್ಣದ ಪೆಟ್ಟಿಗೆ. "ಧ್ವನಿಯನ್ನು ಹೊಸದಾಗಿ ಶುದ್ಧಗೊಳಿಸಲಾಗಿದೆ" ಎಂದು ಮೇಲೆ ಅಚ್ಚಾಗಿತ್ತು. ಮೇಸ್ತ್ರಿ ತರಿಸಿದ. ಕಾನೂನಿನ ಪ್ರಕಾರ ಒಂದು ಹೊರಗೆ ಹೋಗಬೇಕು. ಎರಡೂ ಒಂದೇ ಅಲ್ಲವೆ, ಹಳೆಯದೇ ಹೋಗಲಿ ಎಂದು ಕಂದು ಪೆಟ್ಟಿಗೆಯನ್ನು ಹಳೇ ಪುಸ್ತಕದ ಅಂಗಡಿಗೆ ಕೊಟ್ಟು, ಸೀಟಿ ಹೊಡೆಯುತ್ತ ಬಂದ.

ಭಾನುವಾರ ಊಟಕ್ಕೆ ಆಲೂಗಡ್ಡೆ, ಹುರುಳಿಕಾಯಿ, ಬೇಯಿಸಿದ ಮೊಟ್ಟೆ. ಹೊಸ ಒಂಬತ್ತನೇ ಸಿಡಿ ತಿರುಗಿತು. ಆಹಾ, ಏನು ಧ್ವನಿ! ಪಿಟೀಲಿನ ತಂತಿಯ ಮೇಲೆ ನೊಣ ಕೂತಿದ್ದರೂ ಅದರ ಹೆಜ್ಜೆ ಕೇಳಬೇಕು. ಓಬೋ ಎಳೆಯಿತು, ನಿಂತಿತು. ಎಲ್ಲರೂ ಚಪ್ಪಾಳೆಗೆ ಕೈ ಎತ್ತಿದರು.

ನಿಶ್ಶಬ್ದ. ಆಮೇಲೆ ಪಿಟೀಲುಗಳು ಏನೂ ಆಗದವರ ಹಾಗೆ ಶುರು ಮಾಡಿದವು.

ಮೇಸ್ತ್ರಿ ಹಿಂದಕ್ಕೆ ತಿರುಗಿಸಿದ. ಮತ್ತೆ ಹಾಕಿದ. ಸ್ಪೀಕರಿಗೆ ಕಿವಿ ಅಂಟಿಸಿದ. ಇಲ್ಲ. ಸೀನನ್ನು ಒರೆಸಿ ಹಾಕಿದ್ದರು.

ಅಜ್ಜಿ ಕಣ್ಣು ತೆರೆದಳು. "ಎಲ್ಲೋ?"

"ಅದು... ಕ್ಲೀನ್ ಮಾಡಿದ್ದಾರಮ್ಮ."

"ಹಳೇದು ಹಾಕು."

"ಹಳೇದು ಕೊಟ್ಬಿಟ್ಟೆ."

ಅಜ್ಜಿ ಚಮಚವನ್ನು ತಟ್ಟೆಯ ಪಕ್ಕದಲ್ಲಿಟ್ಟಳು. ಎದ್ದು ಕೋಣೆಗೆ ಹೋದಳು. ಅರ್ಧ ಮೊಟ್ಟೆ ತಟ್ಟೆಯಲ್ಲೇ ಉಳಿಯಿತು.

"ಎಲ್ಲಾ ನಿನ್ನ ಕಾನೂನಿಂದ!" ಮೇಸ್ತ್ರಿ ಹೆಂಡತಿಯ ಮೇಲೆ ಹಾರಿದ.

"ನಾನು ಒಂದು ಹೊರಗೆ ಹಾಕಿ ಅಂದೆ, ಅತ್ತೇನ ಹೊರಗೆ ಹಾಕಿ ಅಂದ್ನಾ? ಮೂರು ಮಹಡಿ ಕೆಳಗಿನ ಸದ್ದು ಕೇಳತ್ತೆ ಅಂತೀರಲ್ಲ, ಕೊಡೋ ಮುಂಚೆ ಹೊಸದನ್ನ ಒಂದು ಸಲ ಕೇಳಕ್ಕೇನಾಗಿತ್ತು?"

"ಅಪ್ಪಾ, ಫೋನಲ್ಲೂ ಎಲ್ಲಾ ಕಡೆ ಹೊಸದೇ ಇದೆ" ಎಂದಳು ಮಗಳು, ಹುಡುಕುತ್ತಾ. "ಹಳೇದನ್ನ ತೆಗೆದುಬಿಟ್ಟಿದ್ದಾರೆ."

ಆ ವಾರವಿಡೀ ಅಜ್ಜಿ ಒಂದು ಲೋಟ ಹಾಲು, ಒಂದು ತುಂಡು ಬ್ರೆಡ್ಡು. ಟೈಲರಮ್ಮ ಗಂಜಿ ಮಾಡಿದಳು, ಸೂಪು ಮಾಡಿದಳು, ಮೊಟ್ಟೆಯನ್ನು ಏಳು ರೀತಿ ಮಾಡಿದಳು. ಅಜ್ಜಿ ಬಾಗಿಲಿನಿಂದಲೇ "ಹಸಿವಿಲ್ಲಮ್ಮ" ಎನ್ನುತ್ತಿದ್ದಳು. ಮೂರನೇ ಭಾನುವಾರಕ್ಕೆ ಅವಳಿಗೆ ಎಂಬತ್ತು ತುಂಬುತ್ತಿತ್ತು. ಇಪ್ಪತ್ತೆರಡು ಜನ ನೆಂಟರನ್ನು ಊಟಕ್ಕೆ ಕರೆದಾಗಿತ್ತು.

ಹಳೇ ಪುಸ್ತಕದ ಅಂಗಡಿಯವನು ತಲೆ ಕೆರೆದುಕೊಂಡ. "ಕಂದು ಪೆಟ್ಟಿಗೆನಾ? ನೀವು ಕೊಟ್ಟ ದಿನವೇ ಹೋಯ್ತು. ಯಾರೋ ಬಿಳಿ ಕೋಟಿನೋರು. ಇಡೀ ದಿನ ಓಡೋಷ್ಟು ಇದೆಯಾ ಅಂತ ಕೇಳಿದ್ರು. ಮೈಯೆಲ್ಲ ಲವಂಗದ ವಾಸನೆ."

"ಲವಂಗ ಅಂದ್ರೆ ಹಲ್ಲಿನ ಡಾಕ್ಟ್ರು ಅಪ್ಪಾ!" ಮಗಳು ಸಂಜೆ ಟೀ ಕುಡಿಯುತ್ತ ಕುಪ್ಪಳಿಸಿದಳು. "ಊರಲ್ಲಿ ಹಲ್ಲಿನ ಡಾಕ್ಟ್ರು ಎಷ್ಟು ಜನ?"

"ಹನ್ನೊಂದು. ಅದರಲ್ಲಿ ಏಳು ಜನ ನನ್ನ ಲಿಫ್ಟಿನ ಮೇಲೇ ಬದುಕಿದ್ದಾರೆ."

ಲಿಫ್ಟಿನ ಬಾವಿ ಎಂದರೆ ಕಟ್ಟಡದ ಗಂಟಲು. ಯಾವ ಮಹಡಿಯಲ್ಲಿ ಯಾರು ಜಗಳವಾಡಿದರೂ ಅಲ್ಲಿ ತಲೆ ಹಾಕಿದವನಿಗೆ ಗೊತ್ತಾಗುತ್ತದೆ. ಮರುದಿನದಿಂದ ಮೇಸ್ತ್ರಿ ಯಾರೂ ಕರೆಯದಿದ್ದರೂ ಲಿಫ್ಟು ನೋಡಲು ಹೊರಟ. ಬಾಗಿಲು ಸರಿಸುವುದು, ಕತ್ತಲೆಯ ಬಾವಿಗೆ ತಲೆ ತೂರಿಸುವುದು, ಕಣ್ಣು ಮುಚ್ಚುವುದು. "ಏನಾದ್ರೂ ಕೆಟ್ಟಿದೆಯಾ ಮೇಸ್ತ್ರಿ?" ಎಂದರೆ "ಶ್!" ಒಂದು ಕಟ್ಟಡದಲ್ಲಿ ಬೇಸಿನ್ನಿಗೆ ಉಗಿಯುವ ಸದ್ದು, ಒಂದರಲ್ಲಿ ರೇಡಿಯೋ ವಾರ್ತೆ, ಒಂದರಲ್ಲಿ ಡಾಕ್ಟರೇ ಹಲ್ಲು ನೋವಿಗೆ ನರಳುವ ಸದ್ದು. ಎರಡನೇ ವಾರದ ಗುರುವಾರ, ಐದನೇ ಕಟ್ಟಡದಲ್ಲಿ, ಮೇಲೆಲ್ಲಿಂದಲೋ ಓಬೋ ಎಳೆಯಿತು. ನಿಂತಿತು. ಮೇಸ್ತ್ರಿಯ ಉಸಿರೂ ನಿಂತಿತು.

"ಹ್ಹಾ... ಹ್ಹಾ... ಹಾಕ್ಷೀ!"

ಲಿಫ್ಟ್ ಮೇಸ್ತ್ರಿಯಾಗಿ ಮೂವತ್ತು ವರ್ಷದಲ್ಲಿ ಮೊದಲ ಸಲ ಅವನು ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿ ಓಡಿದ.

ಹಲ್ಲಿನ ಡಾಕ್ಟರು ದುಂಡಗಿನ, ಸಮಾಧಾನದ ಮನುಷ್ಯ. ಕಥೆಯನ್ನೆಲ್ಲ ಕೇಳಿ ತಲೆ ಅಲ್ಲಾಡಿಸಿದರು.

"ಕೊಡಕ್ಕಾಗಲ್ಲ ಮೇಸ್ತ್ರಿ. ಈ ಸೀನು ಬಂದಾಗ ಕುರ್ಚೀಲಿ ಕೂತೋರು ನಗ್ತಾರೆ. ನಕ್ಕಾಗ ಬಾಯಿ ಅಗಲ ಆಗತ್ತೆ, ಭಯ ಹೋಗತ್ತೆ. ಅದೊಂದೇ ಸಿಡಿನ ದಿನಕ್ಕೆ ಎಂಟು ಸಲ ಹಾಕ್ತೀನಿ."

"ಬದಲಿಗೆ ನನ್ನ ಹನ್ನೆರಡು ಸಂಜೆಯ ರಾಕ್ ಪೆಟ್ಟಿಗೆ ಕೊಡ್ತೀನಿ. ಪ್ರಾಣದಂಥದ್ದು."

"ಕೈಯಲ್ಲಿ ಡ್ರಿಲ್ ಹಿಡ್ಕೊಂಡು ರಾಕ್ ಕೇಳ್ಲಾ? ಇದ್ದಬದ್ದ ಹಲ್ಲೂ ಹೋಗತ್ತೆ."

"ಡಾಕ್ಟ್ರೇ, ಅದು ನಮ್ಮಮ್ಮನ ಸೀನು!"

ಡಾಕ್ಟರು ಕನ್ನಡಕ ತೆಗೆದರು. "ನಿಮ್ಮಮ್ಮಂದಾ? ಸಾಧ್ಯವೇ ಇಲ್ಲ. ನಲವತ್ತು ಸಾವಿರ ಗಂಟಲು ನೋಡಿದ್ದೀನಿ ನಾನು. ಇದು ಗಂಡಸಿನ ಸೀನು."

ಮೇಸ್ತ್ರಿಯ ಕಿವಿ ಕೆಂಪೇರಿತು. ಆ ಕಿವಿಗೆ ಇಂಥ ಮಾತು ಯಾರೂ ಹೇಳಿರಲಿಲ್ಲ. "ಯಾರ ಹತ್ರ ಮಾತಾಡ್ತಿದ್ದೀರಿ ಗೊತ್ತಾ? ಬರೋ ಭಾನುವಾರ ಊಟಕ್ಕೆ ಬನ್ನಿ, ಪೆಟ್ಟಿಗೆ ತನ್ನಿ. ಅಮ್ಮನ ಬಾಯಿಂದಲೇ ಕೇಳಿ. ಅವಳದ್ದಾದ್ರೆ ಪೆಟ್ಟಿಗೆ ನಂದು."

"ಅಲ್ಲದಿದ್ರೆ?"

"ನಿಮ್ಮ ಹತ್ರಾನೇ ಇರಲಿ. ನಾನು ಇನ್ನೊಂದು ಮಾತೆತ್ತಿದ್ರೆ ಕೇಳಿ."

ಮನೆಗೆ ಬಂದು ಗೆದ್ದವನ ಹಾಗೆ ಸುದ್ದಿ ಹೇಳಿದ. ಟೈಲರಮ್ಮ ಹೊಲಿಗೆ ನಿಲ್ಲಿಸಿದಳು. "ರೀ, ಅತ್ತೆ ಸೀನೋದನ್ನ ನೀವು ಯಾವತ್ತಾದ್ರೂ ಸರಿಯಾಗಿ ಕೇಳಿದ್ದೀರಾ?"

"ಏನೇ ಹಾಗಂದ್ರೆ?"

"ಏನಿಲ್ಲ. ಅಡುಗೆ ನೋಡ್ತೀನಿ" ಎಂದು ಎದ್ದಳು.

ಅಜ್ಜಿ ಮಾತ್ರ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ನಂದು ಅಂದ್ರೆ ಪೆಟ್ಟಿಗೆ ಬರತ್ತಾ?"

"ಒಂದೇ ಮಾತಮ್ಮ. ನಂದು ಅನ್ನು, ಮುಗೀತು."

"ಹೂಂ" ಎಂದಳು ಅಜ್ಜಿ. ಆವತ್ತು ಒಂದು ಬಟ್ಟಲು ಸೂಪು ಪೂರ್ತಿ ಕುಡಿದಳು.

ಭಾನುವಾರ ಇಪ್ಪತ್ತೆರಡು ಜನ ನೆಂಟರು, ಹನ್ನೊಂದು ಕುರ್ಚಿ. ಉಳಿದವರು ಮಂಚ, ಕಿಟಕಿಕಟ್ಟೆ, ಹೊಲಿಗೆ ಯಂತ್ರದ ಮೇಲೆಲ್ಲ ಕೂತರು. ಟೈಲರಮ್ಮ ಬೇಯಿಸಿದ ಆಲೂಗಡ್ಡೆಯನ್ನು ಒಟ್ಟು ಮಾಡಿದ್ದರೆ ಇನ್ನೊಂದು ಗೋಡೆ ಕಟ್ಟಬಹುದಿತ್ತು. ಡಾಕ್ಟರು ಕಂದು ಪೆಟ್ಟಿಗೆಯನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದರು. ಮೇಸ್ತ್ರಿ ನೆಂಟರಿಗೆಲ್ಲ ಪಂಥದ ವಿಷಯ ಮೊದಲೇ ಹೇಳಿ, ನಗಲು ಸಿದ್ಧವಾಗಿರಿ ಎಂದು ಸನ್ನೆ ಮಾಡಿದ್ದ.

ಸಿಡಿ ತಿರುಗಿತು. ಅಜ್ಜಿ ಕಣ್ಣು ಮುಚ್ಚಿದಳು. ಓಬೋ ನಿಂತಿತು.

"ಹ್ಹಾ... ಹ್ಹಾ... ಹಾಕ್ಷೀ!"

ಚಪ್ಪಾಳೆಗೆ ಮನೆ ಅದುರಿತು. ಅಜ್ಜಿಯ ಎರಡೂ ಕೈ ಮಡಿಲಲ್ಲಿ ಒಂದನ್ನೊಂದು ಬಿಗಿಯಾಗಿ ಹಿಡಿದಿದ್ದವು.

ಡಾಕ್ಟರು ಬಗ್ಗಿ ಮೆಲ್ಲಗೆ ಕೇಳಿದರು. "ಅಮ್ಮಾ, ಇದು ನಿಮ್ಮದಾ?"

"ಹೇಳಮ್ಮ, ಹೇಳು" ಎಂದ ಮೇಸ್ತ್ರಿ.

ಅಜ್ಜಿ ಬಾಯಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು.

"ಅಲ್ಲ."

ನಗಲು ಸಿದ್ಧವಾಗಿದ್ದ ಇಪ್ಪತ್ತೆರಡು ಜನರೂ ಮೇಸ್ತ್ರಿಯತ್ತ ತಿರುಗಿದರು.

"ನಂದಲ್ಲ ಕಣೋ. ನಿಮ್ಮಪ್ಪಂದು."

ಮೇಸ್ತ್ರಿಯ ಕೈಯಲ್ಲಿದ್ದ ತಟ್ಟೆ ಓರೆಯಾಯಿತು. ಒಂದು ಬಟಾಣಿ ಬಿದ್ದು ಕಪಾಟಿನ ಕಡೆ ಉರುಳಿತು.

"ಹಗ್ಗ ಹಿಡ್ಕೊಂಡು ನಿಂತಿದ್ರು. ಎರಡು ಕೈಲೂ ಹಗ್ಗ, ಮೂಗು ಮುಚ್ಕೊಳ್ಳಕ್ಕೂ ಆಗ್ಲಿಲ್ಲ. ಪರದೆ ಹತ್ರ ಸದ್ದು ಮಾಡಿದೋರಿಗೆ ಕೆಲಸ ಇಲ್ಲ ಅಂತ ಮೊದಲೇ ಹೇಳಿದ್ರು. ನೀನು ಹೊಟ್ಟೇಲಿದ್ದೆ. ಟೀ ಅಂಗಡಿ ಹೋದ್ರೆ ಹೋಗ್ಲಿ, ಅವರ ಸಂಬಳ ಉಳೀಲಿ ಅಂತ ನಾನು ಅಂದೆ. ಅವರು ಹೋದ ಮೇಲೆ ಸಭಾಂಗಣದೋರು ನಂಗೆ ಪಿಂಚಣಿ ಕೊಟ್ರು, ಒಂದು ತಪ್ಪೂ ಇಲ್ಲದ ಕೆಲಸಗಾರ ಅಂತ ಬರೆದು. ಆಗಂತೂ ಬಾಯಿ ಬಿಡೋ ಹಾಗೇ ಇರ್ಲಿಲ್ಲ."

"ಆಮೇಲೆ? ಸಭಾಂಗಣ ಮುಚ್ಚೇ ಹದಿನೆಂಟು ವರ್ಷ ಆಯ್ತಲ್ಲಮ್ಮ!"

ಅಜ್ಜಿಯ ಮುಖದಲ್ಲಿ ಕಳ್ಳ ನಗೆಯೊಂದು ಸುಳಿಯಿತು. "ನೀವೆಲ್ಲ ವಾರ ವಾರ ಚಪ್ಪಾಳೆ ಹೊಡೀತಿದ್ರಲ್ಲೋ. ನಂಗೂ ಚೆನ್ನಾಗಿತ್ತು. ನಿಮಗೆಲ್ಲ ಅದು ನನ್ನ ಸೀನು, ನಂಗೆ ಅವರದ್ದು. ಮೂರು ವಾರ ಅದಿಲ್ದೆ ಇದ್ದೆ ನೋಡು, ಈಗ ಕೇಳಿಸ್ಕೊಂಡು ನಂದು ಅನ್ನಕ್ಕೆ ನಾಲಿಗೆ ಏಳ್ಲಿಲ್ಲ. ಪೆಟ್ಟಿಗೆ ಹೋಯ್ತಲ್ಲ ಮಗನೇ."

ಪಂಥ ಸೋತಿದ್ದು ಆಗ ಎಲ್ಲರಿಗೂ ನೆನಪಾಯಿತು.

ತೊಂಬತ್ತು ಲಿಫ್ಟುಗಳ ಕಾಯಿಲೆ ಕಣ್ಣು ಮುಚ್ಚಿ ಹೇಳುತ್ತಿದ್ದವನು, ಹೆತ್ತ ತಂದೆಯ ಸದ್ದನ್ನು ಇಪ್ಪತ್ತು ವರ್ಷ ಕೇಳಿಯೂ ಗುರುತಿಸಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ನೆಲ ಬಗೆದು ಒಳಗೆ ಹೋಗುತ್ತಿದ್ದರು. ಮೇಸ್ತ್ರಿ ಎದ್ದು ನಿಂತ. ಸಿಡಿಯನ್ನು ತೆಗೆದು, ಅಂಚು ಹಿಡಿದು, ಕಂದು ಪೆಟ್ಟಿಗೆಯ ಒಂಬತ್ತನೇ ಲಕೋಟೆಗೆ ಸೇರಿಸಿ ಡಾಕ್ಟರ ಕೈಗಿತ್ತ. ಅವನ ಬೆನ್ನು ಗುಂಡು ಹಾರಿಸಲು ನಿಂತ ಸಿಪಾಯಿಯಷ್ಟು ನೆಟ್ಟಗಿತ್ತು.

"ಸೋತೆ ಡಾಕ್ಟ್ರೇ. ಪೆಟ್ಟಿಗೆ ನಿಮ್ದು. ಆದ್ರೆ ಒಂದು ಮಾತು. ನಿಮ್ಮ ಕುರ್ಚೀಲಿ ಕೂತೋರು ಕೇಳಿದ್ರೆ ಹೇಳಿ, ಸೀನಿದ್ದು ಪರದೆ ಎಳೆಯೋರು, ಎರಡು ಕೈಲೂ ಹಗ್ಗ ಇತ್ತು, ಹಗ್ಗ ಮಾತ್ರ ಬಿಡಲಿಲ್ಲ ಅಂತ."

ಡಾಕ್ಟರು ಪೆಟ್ಟಿಗೆ ನೋಡಿದರು, ಅಜ್ಜಿಯನ್ನು ನೋಡಿದರು. ಆಮೇಲೆ ಒಂಬತ್ತನೇ ಲಕೋಟೆ ತೆಗೆದು ಮೇಜಿನ ಮೇಲಿಟ್ಟರು. "ಇದೊಂದು ಇಲ್ಲಿರಲಿ. ನಿಮ್ಮ ಹೊಸದರ ಒಂಬತ್ತನೇದು ನಂಗೆ ಕೊಡಿ. ಸೀನೊಂದು ನಂಗೂ ಬೇಕು, ನಿಮ್ಮ ಮಗಳು ಕಾಪಿ ಮಾಡ್ಕೊಡ್ಲಿ, ರೋಗಿಗಳು ಕಾಪೀಗೂ ನಗ್ತಾರೆ."

ಮನೆಯವರೆಲ್ಲ ಮೇಸ್ತ್ರಿಯನ್ನೇ ನೋಡಿದರು. ಸೆಟ್ ಒಡೆಯುವುದೆಂದರೆ ಅವನಿಗೆ ಬೆರಳು ಕತ್ತರಿಸಿದ ಹಾಗೆ. ಒಂದು ಸಿಡಿ ತಪ್ಪು ಲಕೋಟೆಗೆ ಹೋಗಿದ್ದಕ್ಕೆ ಒಮ್ಮೆ ಮಗಳೊಂದಿಗೆ ನಾಲ್ಕು ದಿನ ಮಾತು ಬಿಟ್ಟವನು. ಅವನೇ ಎದ್ದು ಬೆಳ್ಳಿ ಪೆಟ್ಟಿಗೆ ತೆರೆದು, ಶುದ್ಧವಾದ ಒಂಬತ್ತನ್ನು ಕಿತ್ತು ಕೊಟ್ಟು, ಆ ಜಾಗದಲ್ಲಿ ಸವೆದ ಕಂದು ಲಕೋಟೆಯನ್ನು ತುರುಕಿದ. ಅದು ಅರ್ಧ ಬೆರಳು ಹೊರಗೆ ಚಾಚಿಕೊಂಡಿತು. ಮುಚ್ಚಳ ಮುಚ್ಚಲಿಲ್ಲ.

"ಹೀಗೇ ಇರ್ಲಿ. ಬಂದೋರೆಲ್ಲ ಇದ್ಯಾಕೆ ಹೀಗೆ ಅಂತ ಕೇಳ್ತಾರೆ. ಹೇಳ್ಬಹುದು."

"ಅಮ್ಮಾ, ತಾತ ಒಳಗೆ ಬಂದ್ರು, ಈಗ ಯಾವುದು ಹೊರಗೆ?" ಮಗಳು ತಾಯಿಯನ್ನು ಕೆಣಕಿದಳು.

"ಸುಮ್ನಿರೇ. ಮಾವನೋರನ್ನ ಪೆಟ್ಟಿಗೆ ಅಂತ ಎಣಿಸಕ್ಕಾಗತ್ತಾ?" ಎಂದು ಟೈಲರಮ್ಮ ಅಜ್ಜಿಯ ತಟ್ಟೆಗೆ ಎರಡನೇ ಮೊಟ್ಟೆ ಹಾಕಿದಳು. ಅಜ್ಜಿ ಬೇಡ ಎನ್ನಲಿಲ್ಲ.

ಈಗ ಊರಿನ ತೊಂಬತ್ತು ಲಿಫ್ಟುಗಳಲ್ಲಿ ಕಥೆ ಬದಲಾಗಿದೆ, ಇನ್ನಷ್ಟು ಉದ್ದವಾಗಿದೆ. ಹನ್ನೆರಡನೇ ಮಹಡಿಗೆ ಹೋಗುವವರೂ ಕೊನೆ ಕೇಳಲು ಮತ್ತೊಂದು ಸಲ ಕೆಳಗಿಳಿದು ಹತ್ತುತ್ತಾರೆ. "ಆ ರೆಕಾರ್ಡಲ್ಲಿ ನಮ್ಮನೆಯೋರು ಮೂರು ಜನ ಇದ್ದೀವಿ" ಎನ್ನುತ್ತಾನೆ ಮೇಸ್ತ್ರಿ. "ಅಮ್ಮ, ನಾನು, ಪಕ್ಕದಲ್ಲೇ ನಮ್ಮಪ್ಪ. ಕೇಳಿಸೋದು ಅಪ್ಪ ಒಬ್ಬರೇ."

ಮುಂದಿನ ಭಾನುವಾರ ಊಟಕ್ಕೆ ಮುಂಚೆ ಅಜ್ಜಿ ಎಂದಿನಂತೆ ಕೂಗಿದಳು.

"ಮಗನೇ, ಕಪಾಟು ಒರೆಸೋ."

ಟೈಲರಮ್ಮನ ಕೈಯ ಸೌಟು ಅಲ್ಲೇ ನಿಂತಿತು. ಇಷ್ಟು ವರ್ಷ ಮೊಮ್ಮಗಳ ಕೈಗೆ ಆ ಒರೆಸುವ ಬಟ್ಟೆ ಯಾಕೆ ಸಿಗಲಿಲ್ಲವೆಂದು, ಗಂಡನ ಸೀನು ಯಾರಿಂದ ಬಂದದ್ದೆಂದು ಅವಳಿಗೆ ಆಗ ಹೊಳೆಯಿತು. ಗಂಡನತ್ತ ನೋಡಿದಳು. ಅವನಿಗೂ ಹೊಳೆದಿತ್ತು. ಬಟ್ಟೆಯನ್ನು ಕೈಗೆತ್ತಿಕೊಂಡವನು ಅದನ್ನು ಪಕ್ಕಕ್ಕಿಟ್ಟ. ಮೇಲಿನ ಸಾಲಿನ ಪೆಟ್ಟಿಗೆಗಳನ್ನು ಮುಂದಕ್ಕೆಳೆದು, ವರ್ಷಗಳ ಧೂಳು ಮಲಗಿದ್ದ ಹಲಗೆಗೆ ಮೂಗನ್ನೇ ಇಟ್ಟು, ಊರಿನ ಗಾಳಿಯನ್ನೆಲ್ಲ ಒಂದೇ ಸಲಕ್ಕೆ ಒಳಗೆಳೆದುಕೊಂಡ.

ಅಜ್ಜಿ ಕಣ್ಣು ಮುಚ್ಚಿ ಕಾದಳು.